ಹತ್ತಿಯನ್ನು ನಾನು ಪ್ಲಗ್ ಅಂದುಕೊಂಡಿರಲಿಲ್ಲ

ನಮ್ಮವರ ಎರಡೂ ಕಿವಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟವಳು ನಾನು. ಅದನ್ನು ಇಟ್ಟುಕೊಂಡೇ ಅವರು ಕಬಿನಿ ಹಿನ್ನೀರಿಗೆ ಇಳಿದರು. ಮೇಲೆ ಬಂದಾಗ ಎಡಗಿವಿಯಿಂದ ರಕ್ತ ಬರುತ್ತಿತ್ತು. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೋದರೆ ತಪ್ಪನ್ನು ಬೇರೆ ಯಾರ ಮೇಲಾದರೂ ಜಾರಿಸಿಬಿಡುತ್ತೇನೆ.

ಅವರ ಕೆಲಸ ಏನೆಂದು ಹೇಳಿದರೆ ನಮ್ಮೂರು ಕೋಟೆಯಲ್ಲೇ ಅರ್ಧ ಜನ ನಂಬುವುದಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ಕೊಳವೆ ಕಚ್ಚಿಕೊಂಡು ನೀರಿನ ತಳಕ್ಕೆ ಹೋಗುವುದು. ಬಣ್ಣದ ಮೀನು ನೋಡಲಿಕ್ಕಲ್ಲ. ಕುಡಿಯುವ ನೀರಿಗೆ ಜಾಕ್‌ವೆಲ್ ಅಂತ ಇರುತ್ತದೆ, ಹಿನ್ನೀರನ್ನು ಒಳಗೆ ಎಳೆದುಕೊಂಡು ಪಂಪಿಗೆ ಕೊಡುವ ದೊಡ್ಡ ಬಾವಿ. ಅದರ ಬಾಯಿಯ ಕಬ್ಬಿಣದ ಜಾಲರಿಗೆ ಜೊಂಡು, ಹರಿದ ಮೀನುಬಲೆ, ಪ್ಲಾಸ್ಟಿಕ್ ಚೀಲ ಸುತ್ತಿಕೊಂಡರೆ ಊರೂರಿಗೆ ನೀರು ನಿಲ್ಲುತ್ತದೆ. ಬಿಡಿಸಲು ಇವರನ್ನು ಕರೆಯುತ್ತಾರೆ. ಕೆ.ಆರ್. ನಗರದ ಕಡೆ ಹೊಳೆಗೆ ಜಾರಿದ ಮೋಟಾರು, ಪಿರಿಯಾಪಟ್ಟಣದ ಕಡೆ ಕೆರೆಯ ತೂಬು. ಕೆಲವು ಸಲ ಮನುಷ್ಯರು. ಅಂಥ ದಿನ ಅವರು ಹಿತ್ತಿಲಲ್ಲೇ ಸ್ನಾನ ಮಾಡಿ ಒಳಗೆ ಬರುತ್ತಾರೆ. ಯಾರು, ಎಲ್ಲಿ ಎಂದು ನಾನು ಕೇಳುವುದಿಲ್ಲ.

ಜನ ತಮ್ಮ ಫೋನಿನಲ್ಲಿ ಇವರನ್ನು "ಸಿಲಿಂಡರ್ ಅಣ್ಣ" ಎಂದು ಉಳಿಸಿಕೊಂಡಿದ್ದಾರೆ. ಒಂದು ಸಲ ಯಾರೋ ಹೆಂಗಸು ಫೋನ್ ಮಾಡಿ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಅಕ್ಕೋ, ಬುಕ್ ಮಾಡಿ ಎಂಟ್ ದಿನ ಆಯ್ತು. ಒಲೆ ಊದಿ ಊದಿ ಕಣ್ಣೇ ಒಂಟೋದೋ. ನಿಮ್ ಯಜಮಾನ್ರು ಯಾವಾಗ್ ತಂದ್ಕೊಡ್ತಾರೆ?"

"ನಮ್ಮದು ಗ್ಯಾಸ್ ಅಲ್ಲಮ್ಮ, ನೀರೊಳಗಿನ ಸಿಲಿಂಡರು" ಎಂದೆ.

"ನೀರೊಳಗ್ಯಾಕ್ ಮಡಗಿದ್ದೀರಿ?" ಎಂದಳು.

ನಮ್ಮವರು ಕಟ್ಟೆಮಳಲವಾಡಿಯವರು. ಹೊಲದ ಬಾವಿಗಳಲ್ಲಿ ಈಜು ಕಲಿತವರು. ಸಿಲಿಂಡರಿನ ವಿದ್ಯೆ ಕಲಿಯಲು ಕರಾವಳಿಗೆ ಹೋದಾಗ ಅಲ್ಲಿ ಒಂದು ದಪ್ಪ ಪುಸ್ತಕ ಕೊಟ್ಟರು. ಪೂರ್ತಿ ಇಂಗ್ಲಿಷು. ಪರೀಕ್ಷೆಗೆ ಎರಡು ತಿಂಗಳು ಸಮಯ. ಇವರು ಊರಿನ ಕನ್ನಡ ಶಾಲೆಯಲ್ಲಿ ಓದಿದವರು, ನಾನು ಹುಣಸೂರಿನ ಕಾನ್ವೆಂಟಿನಲ್ಲಿ. ಮದುವೆಯಾದ ಮೇಲೆ ನನ್ನ ಇಂಗ್ಲಿಷು ಔಷಧಿ ಚೀಟಿಗೆ, ಬ್ಯಾಂಕಿನ ಅರ್ಜಿಗೆ, ಮಿಕ್ಸಿಯ ಜೊತೆ ಬರುವ ಕಾಗದಕ್ಕೆ ಮಾತ್ರ ಉಳಿದಿತ್ತು. ಇವರು ಪುಸ್ತಕವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ನೋಡು, ನಿಂಗೇನಾದ್ರೂ ಅರ್ಥ ಆಯ್ತದಾ" ಎಂದರು.

ಇನ್ನೂರು ಪುಟದ ನೋಟ್‌ಬುಕ್ ತರಿಸಿದೆ. ಸಿಸ್ಟರ್ ಕಲಿಸಿದ ಹಾಗೆ ಅಂಚಿಗೆ ಗೆರೆ ಹಾಕಿ, ತಲೆಬರಹದ ಕೆಳಗೆ ಸ್ಕೇಲಿಟ್ಟು ಗೀಚಿ, ದಿನಕ್ಕೆ ನಾಲ್ಕೈದು ಪುಟ ಕನ್ನಡಕ್ಕೆ ಇಳಿಸುತ್ತಾ ಹೋದೆ. ನನಗೆ ಈಜು ಬಾರದು. ನೀರಿನ ಒತ್ತಡದ ಪಾಠವನ್ನು ಒಗ್ಗರಣೆ ಸೀಯದಂತೆ ನೋಡಿಕೊಳ್ಳುತ್ತಾ ಓದಿದ್ದೇನೆ.

ಆ ಪುಸ್ತಕದಲ್ಲಿ ಒಂದು ಅಧ್ಯಾಯ, ಮುಳುಗುವವರಿಗೆ ಜನ ಕೊಡುವ ಕೆಟ್ಟ ಸಲಹೆಗಳದ್ದು. ನಾನು ನಕ್ಕುಕೊಂಡು ಬರೆದದ್ದು ಅದೊಂದನ್ನೇ. ಎಲ್ಲೋ ಬೇರೆ ದೇಶದಲ್ಲಿ ಕೂತು ಬರೆದವರಿಗೆ ನಮ್ಮ ಮನೆಯವರ ಮಾತು ಹೇಗೆ ಕೇಳಿಸಿತೋ ಎನ್ನಿಸಿತ್ತು. ಮೊದಲನೆಯದೇ ಉಸಿರು ಬಿಗಿ ಹಿಡಿಯುವ ವಿಷಯ. ಬಾವಿಗೆ ಹಾರುವವರು ಮೇಲಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತಾರೆ, ಅದು ಮೇಲೆ ಬರುವಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರಿನಿಂದ ತಳದಲ್ಲಿ ಎಳೆದುಕೊಂಡ ಗಾಳಿ ಒತ್ತಿ ಹಿಡಿದ ಗಾಳಿ. ಉಸಿರು ಬಿಗಿದು ಮೇಲೆ ಬಂದರೆ ಅದು ಎದೆಯೊಳಗೇ ಉಬ್ಬಿ ಶ್ವಾಸಕೋಶವನ್ನು ಹರಿದುಬಿಡುತ್ತದೆ. ಆದ್ದರಿಂದ ಬಿಡುತ್ತಲೇ ಇರಬೇಕು, ಎಳೆಯುತ್ತಲೇ ಇರಬೇಕು.

ನಮ್ಮ ಕಡೆ ಉಸಿರಿಗೆ ದಮ್ಮು ಎನ್ನುತ್ತಾರೆ, ಧೈರ್ಯಕ್ಕೂ ಅದೇ ಮಾತು. ನಮ್ಮ ಅತ್ತೆ ಊರಿನಿಂದ ಬಂದಿದ್ದಾಗ, ಮಗನನ್ನು ಕೆಲಸಕ್ಕೆ ಕಳಿಸಿಕೊಡುವಾಗಲೆಲ್ಲ ಹೇಳುತ್ತಿದ್ದದ್ದು ಒಂದೇ.

"ಮಗ, ಒಳಗಿರಗಂಟ ದಮ್ ಬುಡಬ್ಯಾಡ ಕಣ. ದಮ್ ಬುಟ್ಟೋನು ಮೇಲಕ್ ಬರಾಕಿಲ್ಲ."

"ಅವ್ವಾ, ಇದ್ರಲ್ಲಿ ಬುಡ್ತಾನೇ ಇರ್ಬೇಕು. ಬುಡ್ದೆ ಓದ್ರೆ ಎದೆ ಒಡ್ದೋಯ್ತದೆ."

"ಯಾವನ್ಲಾ ಅಂಗಂದೋನು?"

"ನಿನ್ ಸೊಸೇನೇ ಯೋಳಿದ್ದು."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇವಳು ಬಕೀಟ್ ನೀರ್ಗೂ ಎದರ್ಕತಾಳೆ. ಇವಳು ಯೋಳೋದು, ನೀನು ಕೇಳೋದು. ಚೆಂದಾಗದೆ ಬುಡು."

ಮಿಕ್ಕವೂ ಹಾಗೆಯೇ. ಸೊಂಟಕ್ಕೆ ಸೀಸದ ತೂಕ ಜಾಸ್ತಿ ಕಟ್ಟಿಕೊಂಡರೆ ಬೇಗ ತಳ ಸಿಗುತ್ತದೆ ಅನ್ನುವುದು. ಗಾಳಿ ಉಳಿಸಲು ಉಸಿರು ಕಮ್ಮಿ ಮಾಡು ಅನ್ನುವುದು. ನೆಗಡಿ ಇದ್ದರೆ ಒಂದು ಮಾತ್ರೆ ನುಂಗಿ ಇಳಿದುಬಿಡು ಅನ್ನುವುದು. ಪಂಪ್‌ಹೌಸಿನ ಆಪರೇಟರ್ ಒಬ್ಬರಿದ್ದಾರೆ, ಇವರು ಇಳಿದಾಗ ದಡದಲ್ಲಿ ಹಗ್ಗ ಹಿಡಿಯುವವರು. "ಸಾ, ನೀರು ಕೊರಿತಾ ಅದೆ, ಒಂದ್ ಕ್ವಾಟ್ರು ಆಕ್ಕಂಡ್ ಇಳೀರಿ, ಮೈ ಬಿಸಿ ಇರ್ತದೆ" ಎಂದು ಪ್ರತಿ ಸಲವೂ ಹೇಳುತ್ತಿದ್ದರಂತೆ. ಇದೂ ಪುಸ್ತಕದಲ್ಲಿತ್ತು, ಕ್ವಾಟ್ರು ಅನ್ನುವ ಮಾತೊಂದು ಬಿಟ್ಟು.

ಕಿವಿಯ ವಿಷಯ ಆ ಪುಟದ ಕೊನೆಯಲ್ಲಿತ್ತು. ಇಯರ್ ಪ್ಲಗ್ ಹಾಕಬೇಡಿ ಎಂದಿತ್ತು.

"ಪ್ಲಗ್ ಅಂದ್ರೆ? ಬೈಕಿಂದಾ?" ಎಂದರು ಇವರು.

"ಕಿವಿಗೆ ಹಾಕಿಕೊಳ್ಳೋದು ರೀ. ರಬ್ಬರಿನ ಬಿರಡೆ. ವಿಮಾನದಲ್ಲೆಲ್ಲ ಹಾಕ್ಕೋತಾರಂತೆ."

"ನೀನ್ ಯಾವಾಗ್ ಓಗಿದ್ದೆ ವಿಮಾನದಲ್ಲಿ?"

ನೋಟ್‌ಬುಕ್ಕಿನಲ್ಲಿ "ಕಿವಿಗೆ ರಬ್ಬರ್ ಬಿರಡೆ ಹಾಕಬಾರದು" ಎಂದು ಬರೆದೆ. ರಬ್ಬರ್ ಎನ್ನುವ ಮಾತು ಮೂಲದಲ್ಲಿರಲಿಲ್ಲ. ಇವರಿಗೆ ತಿಳಿಯಲಿ ಎಂದು ನಾನೇ ಸೇರಿಸಿದ್ದು. ಕಾರಣವನ್ನೂ ಬರೆದೆ: ಬಿರಡೆಯ ಹಿಂದೆ ಸ್ವಲ್ಪ ಗಾಳಿ ಸಿಕ್ಕಿಕೊಳ್ಳುತ್ತದೆ, ಆಳಕ್ಕೆ ಹೋದಂತೆ ಮೈಯೊಳಗಿನ ಒತ್ತಡ ಏರುತ್ತದೆ, ಅಲ್ಲಿಯದು ಏರುವುದಿಲ್ಲ, ಆಗ ಕಿವಿಯ ತಮಟೆ ಹೊರಕ್ಕೆ ಉಬ್ಬಿ ಹರಿಯುತ್ತದೆ. ಈಗಲೂ ಬಾಯಿಪಾಠ ಬರುತ್ತದೆ. ಇವರು ಪಾಸಾದರು. ಊರಿಗೆಲ್ಲ ಮೈಸೂರು ಪಾಕು ಹಂಚಿದರು.

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ಹಿನ್ನೀರಿನ ಜಾಲರಿ ಕಟ್ಟಿಕೊಂಡು ಎರಡು ದಿನದಿಂದ ಹಳ್ಳಿಗಳಿಗೆ ನೀರಿಲ್ಲ, ಬೆಳಿಗ್ಗೆಯೇ ಬರಬೇಕು ಎಂದು ಫೋನು. ಇವರಿಗೆ ನೆಗಡಿ. ಎಡಗಿವಿ ಸ್ವಲ್ಪ ಗುಂಯ್ ಅನ್ನುತ್ತಿದೆ ಎಂದಿದ್ದರು. ಅದೇ ಹೊತ್ತಿಗೆ ಅತ್ತೆಯ ಫೋನ್ ಬಂತು, ನಾನು ಹಿಟ್ಟು ಕಲಸುತ್ತಿದ್ದೆ, ಸ್ಪೀಕರಿಗೆ ಹಾಕಿದೆ.

"ಸೀತ ಆಗದಾ? ಅಂಗಾರೆ ಬರೀ ಕಿವೀಲಿ ಕಳುಸ್ಬ್ಯಾಡ ಕಣವ್ವ. ಬೆಳ್ಳುಳ್ಳಿ ಆಕಿ ಎಣ್ಣೆ ಕಾಯ್ಸಿ, ಅತ್ತಿ ಮಡಗು. ತಣ್ಣೀರು ಒಳಿಕ್ ಓದ್ರೆ ತಲೆಗೇರ್ತದೆ."

ನಮ್ಮ ಮನೆಗಳಲ್ಲಿ ಇದನ್ನು ಯಾರೂ ಸಲಹೆ ಎಂದುಕೊಳ್ಳುವುದಿಲ್ಲ. ನನ್ನ ತಾಯಿಯೂ ಇಡುತ್ತಿದ್ದರು. ಮಳೆಗಾಲದಲ್ಲಿ ಕಾನ್ವೆಂಟಿಗೆ ಹತ್ತಿ ಇಟ್ಟುಕೊಂಡೇ ಹೋದರೆ ಸಿಸ್ಟರ್ ಬಾಗಿಲಲ್ಲೇ ತೆಗೆಸುತ್ತಿದ್ದರು. ಒಗ್ಗರಣೆ ಸೌಟಿನಲ್ಲಿ ಕೊಬ್ಬರಿ ಎಣ್ಣೆ, ಎರಡು ಎಸಳು ಬೆಳ್ಳುಳ್ಳಿ. ದೀಪದ ಬತ್ತಿಗೆಂದು ತಂದ ಹತ್ತಿಯನ್ನು ಎಣ್ಣೆಯಲ್ಲಿ ನೆನೆಸಿ ಹಿಂಡಿದೆ. ಇವರು ಹೊಸ್ತಿಲ ಮೇಲೆ ಕೂತು ತಲೆ ವಾಲಿಸಿದರು. ಕಿರುಬೆರಳಿನಿಂದ ಒಳಗೆ ಒತ್ತಿದೆ. ಬಿದ್ದುಹೋಗಬಾರದೆಂದು ಇನ್ನೊಮ್ಮೆ ಒತ್ತಿದೆ. ಅವರ ಕಿವಿಯ ಹಿಂದೆ ಎರಡು ಬಿಳಿ ಕೂದಲಿದ್ದವು, ಅದನ್ನು ಅವತ್ತೇ ನೋಡಿದ್ದು.

"ಸಾಕು ಬುಡು" ಎಂದರು. ಹೋದರು. ಬೆಳ್ಳುಳ್ಳಿ ಸಿಪ್ಪೆ ಆರಿಸಿ ಹೊರಗೆ ಹಾಕಿದೆ.

ಒಳಗೆ ಏನಾಯಿತು ಎನ್ನುವುದನ್ನು ಅವರು ಆಮೇಲೆ ತುಂಡು ತುಂಡಾಗಿ ಹೇಳಿದ್ದು. ತಲೆಗೆ ಬಿಗಿಯಾದ ರಬ್ಬರ್ ಟೋಪಿ, ಅದರೊಳಗೆ ನನ್ನ ಹತ್ತಿ. ಎರಡಾಳು ಆಳ ಹೋದಾಗ ಕಿವಿ ಹಿಡಿದುಕೊಂಡಿತು. ಕಿವಿ ಬಿಡಿಸಲು ಮೂಗು ಮುಚ್ಚಿ ಊದಿದರು, ಬಿಡಲಿಲ್ಲ. ನೋವಾದರೆ ನಿಲ್ಲಬೇಕು, ಮೇಲೆ ಬರಬೇಕು. ಜಾಲರಿ ಕಾಲಿಗೆ ಸಿಗುವಷ್ಟು ಹತ್ತಿರವಿತ್ತು. ಜೋರಾಗಿ ಊದಿದರು. ಎಡಗಡೆ ಟಪ್ ಎಂದಿತು. ತಣ್ಣನೆಯದೇನೋ ತಲೆಯೊಳಗೆ ಹೊಕ್ಕಿತು. ಆಮೇಲೆ ಮೇಲು ಯಾವುದು ಕೆಳಗು ಯಾವುದು ತಿಳಿಯಲಿಲ್ಲವಂತೆ. ಆ ನೀರಿನಲ್ಲಿ ಚಾಚಿದ ಕೈ ಕಾಣುವುದಿಲ್ಲ. ಬಾಯಿಯ ಬಳಿ ಅಂಗೈ ಇಟ್ಟು ಗುಳ್ಳೆ ಯಾವ ಕಡೆ ಹೋಗುತ್ತದೆ ಎಂದು ಮುಟ್ಟಿ ನೋಡಿದರು. ಗುಳ್ಳೆ ಹೋದ ಕಡೆ ಹೋದರು. ಉಸಿರು ಬಿಡುತ್ತಲೇ ಇದ್ದರು. ಅದನ್ನೊಂದು ನಾನು ಸರಿಯಾಗಿ ಬರೆದುಕೊಟ್ಟಿದ್ದೆ.

ಆಪರೇಟರ್ ಫೋನ್ ಮಾಡಿದರು. "ಅಕ್ಕಾವ್ರೇ, ಸಾಹೇಬ್ರು ಮೇಲ್ ಬಂದವ್ರೆ, ಎದರ್ಕಬ್ಯಾಡಿ. ಆದ್ರೆ ನಿಂತ್ಕಳಕ್ ಆಯ್ತಿಲ್ಲ, ಕುಡ್ದೋರಂಗೆ ಬೀಳ್ತಾವ್ರೆ, ವಾಂತಿ ಮಾಡ್ತಾವ್ರೆ. ನಾನೇನೂ ಕೊಟ್ಟಿಲ್ಲ ಕಣಕ್ಕ, ದೇವ್ರಾಣೆ."

"ಗೊತ್ತು" ಎಂದೆ.

ಮೈಸೂರಿಗೆ ಕರೆದುಕೊಂಡು ಹೋದೆವು. ಕಿವಿ ಡಾಕ್ಟರು ಬೆಳಕು ಬಿಟ್ಟು ನೋಡಿ ತಮಟೆ ಹರಿದಿದೆ ಎಂದರು. ಕವೆಯಂಥ ಕಬ್ಬಿಣದ ತುಂಡನ್ನು ತಟ್ಟಿ ಕಿವಿಯ ಬಳಿ, ಹಣೆಯ ಮೇಲೆ ಹಿಡಿದರು.

"ಇಳಿಯೋಕೆ ಮುಂಚೆ ಕಿವಿಗೆ ಏನಾದ್ರೂ ಹಾಕಿದ್ರಾ?"

"ಇಲ್ಲ ಸಾರ್" ಎಂದರು ನಮ್ಮವರು.

"ಎಣ್ಣೆ ಥರ ಇದೆಯಲ್ಲ."

"ತಲೆಗ್ ಹಚ್ಚಿದ್ದು ಸಾರ್."

ಗೋಡೆಯ ಮೇಲೆ ಕಿವಿಯ ದೊಡ್ಡ ಚಿತ್ರವಿತ್ತು. ಒಳಗಿನ ಮೂರು ಮೂಳೆಗಳಿಗೆ ಮೂರು ಬಣ್ಣ. ಹಳದಿ ಬಣ್ಣ ಗೆರೆ ದಾಟಿ ಹೊರಗೆ ಬಂದಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ತಮಟೆ ತಾನಾಗಿ ಕೂಡಿಕೊಳ್ಳಬಹುದು, ಮೂರು ತಿಂಗಳು ನೋಡೋಣ ಎಂದರು ಡಾಕ್ಟರು. ಆದರೆ ಒಳಗಿನ ನರಕ್ಕೂ ಪೆಟ್ಟಾಗಿರುವ ಹಾಗಿದೆ, ತಲೆಸುತ್ತು ಅದರಿಂದಲೇ. ಮೂರು ತಿಂಗಳ ಮೇಲೆ ಪೂರ್ತಿ ಪರೀಕ್ಷೆ. ಆ ಕಿವಿ ಕೇಳಿದರೆ ಮತ್ತೆ ನೀರಿಗಿಳಿಯುವ ಮಾತು; ಕೇಳದಿದ್ದರೆ ಈ ಜನ್ಮದಲ್ಲಿ ಸಿಲಿಂಡರ್ ಮುಟ್ಟಬಾರದು. ಅಲ್ಲಿಯವರೆಗೆ ಕಿವಿಗೆ ನೀರು, ಎಣ್ಣೆ, ಏನೂ ಹೋಗಕೂಡದು.

ನಾನು ಅಳಲಿಲ್ಲ. ಮನೆಗೆ ಬಂದು ನೆನೆಸಿಟ್ಟಿದ್ದ ಅಕ್ಕಿ ರುಬ್ಬಿದೆ. ಎಲ್ಲ ಕೆಲಸವೂ ಆಗುತ್ತಿತ್ತು, ಯಾರೋ ಮಾಡಿಟ್ಟ ಹಾಗೆ. ಇವರು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ಹಜಾರದ ಗೋಡೆಯಲ್ಲಿ ಒಂದೇ ಎತ್ತರಕ್ಕೆ ಕೈ ಗುರುತು ಬಿತ್ತು. ಕುಕ್ಕರ್ ಕೂಗಿದರೆ ಬೀದಿ ಬಾಗಿಲ ಕಡೆ ತಿರುಗುತ್ತಿದ್ದರು. ಕೆಲಸಕ್ಕೆ ಕರೆದವರಿಗೆ "ಇನ್ನೊಂದ್ ತಿಂಗ್ಳು ಬುಟ್ಟು ಮಾಡಿ" ಎನ್ನುತ್ತಿದ್ದರು. ಸಂಜೆ ಸಿಲಿಂಡರುಗಳನ್ನು ಒರೆಸಿ ಅದೇ ಜಾಗದಲ್ಲಿ ನಿಲ್ಲಿಸುತ್ತಿದ್ದರು.

"ಸ್ವಲ್ಪ ಕೇಳುಸ್ತದೆ ಕಣೆ" ಎಂದರು ಒಂದು ದಿನ. "ದೂರದಲ್ಲಿ ರೈಲ್ ಓದಂಗೆ."

ಕೋಟೆಗೆ ರೈಲಿಲ್ಲ. "ಹೌದಾ" ಎಂದೆ.

ಎರಡು ತಿಂಗಳಾಗುವ ಹೊತ್ತಿಗೆ ಅತ್ತೆ ಬಂದರು. ಹುಣಸೂರಿನಲ್ಲಿ ಬಸ್ಸು ಬದಲಿಸಿ, ಚೀಲದಲ್ಲಿ ಹರಳೆಣ್ಣೆ ಬಾಟಲಿ ಇಟ್ಟುಕೊಂಡು. ಕೈಕಾಲು ತೊಳೆದವರೇ ಅಡುಗೆಮನೆಗೆ ಬಂದು ಸೌಟಿಗೆ ಎಣ್ಣೆ ಸುರಿದು ಒಲೆ ಹಚ್ಚಿದರು.

"ಯಾರಿಗೆ ಅತ್ತೆ?"

"ಇನ್ಯಾರ್ಗೆ? ಕೊಬ್ರಿ ಎಣ್ಣೆ ಸಾಲ್ದು ಅದ್ಕೆ. ಇದು ನಾನೇ ಕಾಯ್ಸಿದ್ದು. ಎಲ್ಡ್ ತೊಟ್ಟು ಬುಟ್ಟು ಅತ್ತಿ ಮಡಗುದ್ರೆ ನಾಳೀಕೆ ಕೇಳುಸ್ತದೆ."

"ಬೇಡ ಅತ್ತೆ."

"ಯಾಕವ್ವ? ಆ ಡಾಕ್ಟ್ರು ಏನ್ ಕಿಸ್ದವ್ನೆ ಎಲ್ಡ್ ತಿಂಗ್ಳಿಂದ?"

ಡಾಕ್ಟರು ಬೇಡ ಎಂದಿದ್ದಾರೆ ಎಂದಷ್ಟೇ ಹೇಳಬಹುದಿತ್ತು. ಅವರು ಕೇಳುತ್ತಿರಲಿಲ್ಲ. ನಾನು ಸ್ನಾನಕ್ಕೆ ಹೋದಾಗ ಹಾಕಿಬಿಡುತ್ತಿದ್ದರು. ಹರಿದ ತಮಟೆಯ ಒಳಗೆ ಎಣ್ಣೆ ಇಳಿಯುತ್ತಿತ್ತು.

"ಹತ್ತಿ ಇಟ್ಟಿದ್ದರಿಂದಲೇ ಹೀಗಾಗಿದ್ದು ಅತ್ತೆ" ಎಂದೆ. "ಪುಸ್ತಕದಲ್ಲಿತ್ತು. ನಾನೇ ಓದಿದ್ದೆ, ನಾನೇ ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ರಬ್ಬರಿನದು ಬೇಡ ಅಂತ ಬರೆದೆ. ಹತ್ತಿಯೂ ಅದೇ ಅಂತ ನನಗೆ ಹೊಳೆಯಲಿಲ್ಲ. ನಾನೇ ಇಟ್ಟೆ."

ಅತ್ತೆ ಒಲೆ ಆರಿಸಿದರು. ಎಣ್ಣೆ ಹೊಗೆಯಾಡುತ್ತಿತ್ತು. ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ನಾನ್ ಯೋಳ್ದೆ, ನೀನ್ ಮಡಗ್ದೆ, ಅವ್ನು ಸುಮ್ಕೆ ಕೂತ್ಕಂಡು ಮಡಗುಸ್ಕಂಡ" ಎಂದರು. "ಮೂರ್ ಜನ ಸೇರ್ಕಂಡು ಒಂದ್ ಕಿವಿ ಕಳುದ್ವಿ."

ನಮ್ಮವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಯಾವಾಗ ಬಂದರೋ. ಬಲಗಿವಿ ನಮ್ಮ ಕಡೆಗಿತ್ತು.

"ನಂಗೊತ್ತಿತ್ತು" ಎಂದರು. "ಕಿವೀಲಿ ಏನೂ ಇರಬಾರ್ದು ಅಂತ ಟ್ರೈನಿಂಗಲ್ಲಿ ಮೊದಲ್ನೇ ದಿನಾನೇ ಯೋಳ್ಕೊಟ್ಟಿದ್ರು. ದಡಕ್ ಓಗಿ ತೆಗ್ದಾಕಣ ಅಂತಿದ್ದೆ."

"ಯಾಕೆ ತೆಗೀಲಿಲ್ಲ?"

"ಬೆಚ್ಗಿತ್ತು. ಬುಟ್ಟೆ."

ಇದನ್ನು ಕೇಳಿ ನನಗೆ ಹಗುರವಾಗಬೇಕಿತ್ತೋ, ಸಿಟ್ಟು ಬರಬೇಕಿತ್ತೋ. ಎರಡೂ ಆಗಲಿಲ್ಲ. ಸೌಟು ತಣಿದ ಮೇಲೆ ಎಣ್ಣೆಯನ್ನು ಬಾಟಲಿಗೆ ತಿರುಗಿ ಹಾಕಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ.

"ಡಾಕ್ಟರಿಗೆ ಯಾಕೆ ಇಲ್ಲ ಅಂದ್ರಿ?"

"ನೀನ್ ಅಲ್ಲೇ ನಿಂತಿದ್ಯಲ್ಲ" ಎಂದರು.

ಅತ್ತೆ ಆ ಸಲ ನಾಲ್ಕು ದಿನವಿದ್ದರು. ಕಿವಿಯ ಮಾತೇ ಎತ್ತಲಿಲ್ಲ. ಊಟಕ್ಕೆ ಮಾತ್ರ ಮಗನನ್ನು ಎಡಗಡೆಯಿಂದ ಕೂಗುತ್ತಿದ್ದರು, ಬೇಕೆಂದೇ, ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ.

ಒಂದು ವಿಷಯ ಬರೆಯಬೇಕು. ಆ ಅಧ್ಯಾಯವನ್ನು ಬರೆದವರು ಇವನ್ನೆಲ್ಲ ಕೆಟ್ಟ ಸಲಹೆ ಎನ್ನುತ್ತಾರೆ. ಬಾವಿಯಲ್ಲಿ ದಮ್ಮು ಬಿಗಿ ಹಿಡಿದವರು ಬದುಕಿದ್ದಾರೆ. ಎಣ್ಣೆ ಹತ್ತಿ ಇಟ್ಟುಕೊಂಡು ನಾನು ಎಷ್ಟೋ ಮಳೆಗಾಲ ಕಳೆದಿದ್ದೇನೆ. ಅತ್ತೆಗೆ ಅವರು ಕಂಡ ನೀರು ಗೊತ್ತಿತ್ತು. ಮಗ ಇಳಿಯುತ್ತಿದ್ದ ನೀರಿನ ಬಗ್ಗೆ ಆ ಮನೆಯಲ್ಲಿ ಓದಿದವಳು ನಾನೊಬ್ಬಳೇ.

ಮೂರು ತಿಂಗಳಾದ ಮೇಲೆ ಮೈಸೂರಿಗೆ ಹೋದೆವು. ಈ ಸಲ ಡಾಕ್ಟರು ಕೇಳುವ ಮೊದಲೇ ನಾನು ಹೇಳಿದೆ, ಹತ್ತಿ, ಎಣ್ಣೆ, ರಬ್ಬರ್ ಟೋಪಿ ಎಲ್ಲವನ್ನೂ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಚೀಟಿಯಲ್ಲಿ ಬರೆದುಕೊಂಡರು.

"ಅವತ್ತೇ ಹೇಳಬೇಕಿತ್ತಮ್ಮ. ಹೇಳಿದ್ದರೂ ಮಾತ್ರೆ ಇದೇ ಕೊಡ್ತಿದ್ದೆ. ಬರೆದಿರಲಿ."

ತಮಟೆ ಕೂಡಿಕೊಂಡಿತ್ತು. ಚೆನ್ನಾಗಿ ಕೂಡಿದೆ ಎಂದರು. ನಮ್ಮವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಮೂರು ತಿಂಗಳಲ್ಲಿ ಅವರ ಮುಖ ಹಾಗಾದದ್ದು ನೋಡಿರಲಿಲ್ಲ. "ಮಳೆ ಇಡ್ಕಳೋಕ್ ಮುಂಚೆ ಒಂದ್ ಸಲ ಜಾಲರಿ ಪೂರಾ ಕ್ಲೀನ್ ಮಾಡ್ಬೇಕು" ಎಂದು ಪರೀಕ್ಷೆಯ ಕೋಣೆಗೆ ನಡೆಯುತ್ತಾ ಹೇಳಿದರು.

ಅದು ಗಾಜಿನ ಸಣ್ಣ ಗೂಡು. ಇವರನ್ನು ಒಳಗೆ ಸ್ಟೂಲಿನ ಮೇಲೆ ಕೂರಿಸಿ, ಎರಡೂ ಕಿವಿಗೆ ಸಾಧನ ಇಟ್ಟು, ಶಬ್ದ ಕೇಳಿದ ಕೂಡಲೇ ಬೆರಳೆತ್ತಿ ಎಂದು ಹೇಳಿ ಬಾಗಿಲು ಮುಚ್ಚಿದರು. ಯಂತ್ರದ ಮುಂದೆ ಕೂತ ಹುಡುಗಿಯ ಬಲಗೈಯಲ್ಲಿ ಒಂದೇ ಹಸಿರು ಬಳೆ ಇತ್ತು. ನಾನು ಅವಳ ಹಿಂದಿನ ಬೆಂಚಿನಲ್ಲಿ ಕೂತೆ. ಮೊದಲು ಬಲಗಿವಿ. ಅವಳು ಗುಂಡಿ ಒತ್ತಿದಾಗಲೆಲ್ಲ ಗೂಡಿನೊಳಗೆ ಇವರ ಬೆರಳು ಏಳುತ್ತಿತ್ತು. ತೀರ ಸಣ್ಣ ಶಬ್ದಕ್ಕೂ ಎತ್ತುತ್ತಾರೆ ಎಂದು ಅವಳೇ ಮೆಚ್ಚಿ ಹೇಳಿದಳು.

ಆಮೇಲೆ, ಬಲಗಿವಿ ಅಡ್ಡ ಬರದಿರಲಿ ಎಂದು ಅದಕ್ಕೆ ಬೇರೆ ಸದ್ದು ಬಿಟ್ಟು, ಎಡಗಿವಿಯ ಗೆರೆ ಶುರು ಮಾಡಿದಳು. ಒತ್ತಿದಳು. ಸದ್ದು ಏರಿಸುವ ತಿರುಗಣೆ ಒಂದು ಮನೆ ತಿರುಗಿಸಿ ಮತ್ತೆ ಒತ್ತಿದಳು. ಪ್ರತಿ ಸಲ ಬಳೆ ಯಂತ್ರದ ಅಂಚಿಗೆ ತಾಗಿ ಸದ್ದಾಗುತ್ತಿತ್ತು. ಇವರ ಕೈ ಮೊಣಕಾಲ ಮೇಲಿತ್ತು, ತೋರುಬೆರಳು ಸ್ವಲ್ಪ ಮುಂದೆ ಬಂದು ಸಿದ್ಧವಾಗಿತ್ತು. ತಿರುಗಣೆ ಕೊನೆಯ ಮನೆಗೆ ಹೋಯಿತು. ಅವಳು ಅಲ್ಲಿ ಮೂರು ಸಲ ಒತ್ತಿದಳು, ಕಾಗದದ ಮೇಲೆ ಕೆಳಮುಖದ ಬಾಣ ಹಾಕಿದಳು.

ಎದ್ದು ಹೋಗಿ ಬಾಗಿಲು ತೆರೆದಳು. ಇವರು ಕಿವಿಯ ಸಾಧನವನ್ನು ಒಂದು ಕಡೆಯಿಂದ ಎತ್ತಿ ಹಿಡಿದು ನಗುತ್ತಾ ಕೇಳಿದರು.

"ಮೇಡಂ, ಬಲಗಿವೀಲಿ ಬರೀ ಸೊಯ್ ಅಂತ ಗಾಳಿ ಸದ್ದು ಬತ್ತಾ ಅದೆ. ಎಡದ್ದು ಯಾವಾಗ್ ಶುರು ಮಾಡ್ತೀರಿ?"

ಹುಡುಗಿ ನನ್ನ ಕಡೆ ನೋಡಿದಳು. ನಾನು ಎದ್ದು ಅವರ ಬಲಗಡೆಗೆ ಹೋಗಿ ನಿಂತೆ.

"ಆಯ್ತು ರೀ" ಎಂದೆ. "ಹೊರಗೆ ಬನ್ನಿ."